ವೇಷ ಮತ್ತು ಮುಖ: ಸ್ಯಾಮ್ ಲ್ಯೂಕಸ್‌ನ ಬದುಕು ಹಾಗೂ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಮೂಕಚಿತ್ರ

1

ಗುಲಾಮಗಿರಿಯನ್ನು ಕುರಿತ ಕಾದಂಬರಿಗಳಲ್ಲಿ ಹ್ಯಾರಿಯೆಟ್ ಬೀಚರ್ ಸ್ಟೋವ್‌ಳ ‘ಅಂಕಲ್ ಟಾಮ್ಸ್ ಕ್ಯಾಬಿನ್’ನಷ್ಟು ಓದುಗರನ್ನೂ ಪ್ರೇಕ್ಷಕರನ್ನೂ ಪಡೆದ ಕೃತಿ ಬಹುಶಃ ಮತ್ತೊಂದಿಲ್ಲ. ಈ ಕೃತಿಯ ಬಗೆಗಿನ ಚರ್ಚೆಗಳು ಬಹುಮಟ್ಟಿಗೆ ಲೇಖಕಿಯ ಧಾರ್ಮಿಕ ನಿಲುವು, ಅಮೆರಿಕದ ಅಂತರ್ಯುದ್ಧದ ಹಿನ್ನೆಲೆ, ಕಪ್ಪು ಜನರ ಚಿತ್ರಣದಲ್ಲಿರುವ ಕರುಣೆ ಮತ್ತು ಅದರ ಮಿತಿ ಇವುಗಳ ಸುತ್ತಲೇ ನಡೆದಿವೆ. ಆದರೆ ಕಾದಂಬರಿಯನ್ನು ಓದಿದವರಿಗಿಂತ ಹೆಚ್ಚು ಮಂದಿ ಅದನ್ನು ರಂಗದ ಮೇಲೆ ನೋಡಿದವರು. ಆಮೇಲೆ ತೆರೆಯ ಮೇಲೆ ನೋಡಿದವರು. ಅವರು ಕಂಡ ಟಾಮ್ ಯಾರು, ಅವನ ಪಾತ್ರವನ್ನು ವಹಿಸಿದವರು ಯಾರು ಎಂಬ ಪ್ರಶ್ನೆಯನ್ನು ಕೇಳಿಕೊಂಡಾಗ ಈ ಕೃತಿಯ ಚರಿತ್ರೆ ಬೇರೊಂದು ಬಗೆಯಲ್ಲಿ ತೆರೆದುಕೊಳ್ಳುತ್ತದೆ.

ಕಪ್ಪು ಗುಲಾಮನೊಬ್ಬನ ಸಂಕಟವನ್ನು ಕುರಿತ ಈ ಕಥೆಯಲ್ಲಿ ದೀರ್ಘಕಾಲ ಕಪ್ಪು ನಟನಿಗೆ ಸ್ಥಾನವಿರಲಿಲ್ಲ. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಟಾಮ್ ಆಗುತ್ತಿದ್ದರು. ಈ ಪದ್ಧತಿಯನ್ನು ಎರಡು ಸಲ, ಎರಡು ಬೇರೆ ಬೇರೆ ಮಾಧ್ಯಮಗಳಲ್ಲಿ ಮುರಿದವನು ಸ್ಯಾಮ್ ಲ್ಯೂಕಸ್. 1878ರಲ್ಲಿ ರಂಗಭೂಮಿಯಲ್ಲಿ, 1914ರಲ್ಲಿ ಮೂಕಚಿತ್ರದಲ್ಲಿ ಅವನು ಟಾಮ್ ಆದನು. ಈ ಎರಡು ವರ್ಷಗಳ ನಡುವಿನ 36 ವರ್ಷಗಳ ಅಂತರವೇ ಅವನ ಬದುಕಿನ ಮುಖ್ಯ ಸಮಸ್ಯೆಯನ್ನು ಸೂಚಿಸುತ್ತದೆ. ಅವನಿಗೆ ಪಾತ್ರ ದೊರೆತದ್ದು ನಿಜ. ಆದರೆ ಆ ಪಾತ್ರದ ಚೌಕಟ್ಟು ಅವನದಾಗಿರಲಿಲ್ಲ. ಪ್ರಸ್ತುತ ಲೇಖನವು ಲ್ಯೂಕಸ್‌ನ ಜೀವನವನ್ನು ಈ ದ್ವಂದ್ವದ ಹಿನ್ನೆಲೆಯಲ್ಲಿ ನಿರೂಪಿಸಲು ಯತ್ನಿಸುತ್ತದೆ.

2

ಸ್ಯಾಮ್ ಲ್ಯೂಕಸ್ ಹುಟ್ಟಿದ್ದು ಓಹಿಯೋ ರಾಜ್ಯದ ವಾಷಿಂಗ್ಟನ್ ಕೋರ್ಟ್ ಹೌಸ್ ಎಂಬ ಊರಿನಲ್ಲಿ. ಹುಟ್ಟಿದ ವರ್ಷದ ಬಗ್ಗೆ ಒಮ್ಮತವಿಲ್ಲ. 1840, 1848, 1850 ಎಂಬ ಮೂರು ವರ್ಷಗಳೂ ಬಳಕೆಯಲ್ಲಿವೆ. ಅರಸರ, ಸೇನಾಪತಿಗಳ ಜನನದ ಗಳಿಗೆಯನ್ನೂ ಬರೆದಿಟ್ಟುಕೊಳ್ಳುವ ಚರಿತ್ರೆಗೆ ಕಪ್ಪು ತಂದೆತಾಯಿಗಳ ಮಗನೊಬ್ಬನ ಹುಟ್ಟಿನ ವರ್ಷ ಮುಖ್ಯವೆನಿಸಿರಲಿಲ್ಲ ಎಂಬುದನ್ನಷ್ಟೇ ಇಲ್ಲಿ ಗಮನಿಸಬೇಕು.

ಅವನ ತಂದೆತಾಯಿಗಳು ಗುಲಾಮರಾಗಿರಲಿಲ್ಲ, ಸ್ವತಂತ್ರರಾಗಿದ್ದರು. ಓಹಿಯೋ ಗುಲಾಮಗಿರಿಯಿಲ್ಲದ ರಾಜ್ಯ. ಅದರ ದಕ್ಷಿಣದ ಗಡಿಯಾದ ಓಹಿಯೋ ನದಿಯ ಆಚೆ ದಡದಲ್ಲಿ ಗುಲಾಮರಿದ್ದ ಕೆಂಟಕಿ ರಾಜ್ಯವಿತ್ತು. ಕಾದಂಬರಿಯಲ್ಲಿ ಎಲೈಜಾ ಮಗುವನ್ನು ಎತ್ತಿಕೊಂಡು ಮಂಜುಗಡ್ಡೆಗಳ ಮೇಲೆ ಹಾರುತ್ತಾ ದಾಟುವುದು ಇದೇ ನದಿಯನ್ನು. ಸ್ಟೋವ್ 1832ರಿಂದ 1850ರವರೆಗೆ ವಾಸವಾಗಿದ್ದ ಸಿನ್ಸಿನಾಟಿ ನಗರವಿರುವುದೂ ಇದೇ ನದಿಯ ದಡದಲ್ಲಿ. ಹೀಗೆ ಕಾದಂಬರಿಯ ಭೂಗೋಳವೂ ಲ್ಯೂಕಸ್‌ನ ಬಾಲ್ಯದ ಭೂಗೋಳವೂ ಒಂದೇ ಸೀಮೆಗೆ ಸೇರಿದವು. ಓಹಿಯೋದಲ್ಲಿ ಗುಲಾಮಗಿರಿ ಇರಲಿಲ್ಲವೆಂದ ಮಾತ್ರಕ್ಕೆ ಸಮಾನತೆ ಇತ್ತೆಂದು ಭಾವಿಸಬೇಕಾಗಿಲ್ಲ. ಕಪ್ಪು ಜನರ ನೆಲಸುವಿಕೆಯನ್ನೂ ಹಕ್ಕುಗಳನ್ನೂ ಕಟ್ಟಿಹಾಕುವ ಕಾನೂನುಗಳು ಆ ರಾಜ್ಯದಲ್ಲಿ 1804ರಿಂದಲೇ ಜಾರಿಗೆ ಬಂದಿದ್ದವು.

ಲ್ಯೂಕಸ್ ಎಳೆಯ ವಯಸ್ಸಿನಲ್ಲಿ ಕ್ಷೌರಿಕನಾಗಿ ದುಡಿದನು. ಜೊತೆಗೆ ಗಿಟಾರ್ ನುಡಿಸುವುದನ್ನೂ ಹಾಡುವುದನ್ನೂ ರೂಢಿಸಿಕೊಂಡನು. ಕಂಠ ಒಳ್ಳೆಯದಿತ್ತು. ಸಂಚಾರಿ ತಂಡಗಳಲ್ಲಿ, ನದಿಯ ಹಡಗುಗಳಲ್ಲಿ ಹಾಡುತ್ತಾ ಕುಣಿಯುತ್ತಾ ಅವನು ವೃತ್ತಿನಟನಾದನು. ಅಂದಿನ ಕಪ್ಪು ಕಲಾವಿದನಿಗೆ ತೆರೆದಿದ್ದ ಬಾಗಿಲು ಒಂದೇ. ಅದು ಮಿನ್‌ಸ್ಟ್ರೆಲ್ ಪ್ರದರ್ಶನ.

ಈ ಪ್ರದರ್ಶನ ಪ್ರಕಾರವನ್ನು ಸ್ವಲ್ಪ ವಿವರಿಸುವುದು ಅಗತ್ಯ. 1830ರ ದಶಕದಲ್ಲಿ ಬಿಳಿಯ ನಟರು ಸುಟ್ಟ ಬೆಂಡಿನ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ತುಟಿಗಳನ್ನು ದಪ್ಪವಾಗಿ ಕಾಣಿಸಿ, ಕಪ್ಪು ಗುಲಾಮರ ಮಾತು, ನಡೆ, ಕುಣಿತಗಳನ್ನು ಅಣಕಿಸುತ್ತಿದ್ದರು. ಥಾಮಸ್ ರೈಸ್ ಎಂಬ ನಟನು ಜನಪ್ರಿಯಗೊಳಿಸಿದ ಜಿಮ್ ಕ್ರೋ ಎಂಬ ವೇಷದ ಹೆಸರೇ ಮುಂದೆ ಅಮೆರಿಕದ ವರ್ಣಭೇದದ ಕಾನೂನುಗಳಿಗೆ ಅಂಟಿಕೊಂಡಿತು. 1843ರ ನಂತರ ಇದು ಇಡೀ ಸಂಜೆಯ ಮನರಂಜನೆಯಾಗಿ ಬೆಳೆಯಿತು. ಅಂತರ್ಯುದ್ಧ ಮುಗಿದ ಮೇಲೆ, ಅಂದರೆ 1865ರ ತರುವಾಯ, ಕಪ್ಪು ಕಲಾವಿದರೇ ಇಂಥ ತಂಡಗಳನ್ನು ಕಟ್ಟಿದರು. ಇವರಲ್ಲೂ ಅನೇಕರು ಮುಖಕ್ಕೆ ಮಸಿ ಬಳಿದುಕೊಳ್ಳಬೇಕಾಯಿತು. ಬಿಳಿಯರು ಕಲ್ಪಿಸಿಕೊಂಡ ಕಪ್ಪು ಮನುಷ್ಯನನ್ನು ಕಪ್ಪು ಮನುಷ್ಯನೇ ಅಭಿನಯಿಸಿ ತೋರಿಸಬೇಕಾದ ವಿಪರ್ಯಾಸವಿದು. ನಟನಾಗುವುದಕ್ಕೆ ಕನ್ನಡದಲ್ಲಿ ಬಣ್ಣ ಹಚ್ಚುವುದು ಎನ್ನುತ್ತೇವೆ. ಆ ನುಡಿಯಲ್ಲಿ ತನ್ನದಲ್ಲದ ಬೇರೊಂದು ರೂಪವನ್ನು ತಾಳುವ ಸ್ವಾತಂತ್ರ್ಯದ ಅರ್ಥವಿದೆ. ಮಿನ್‌ಸ್ಟ್ರೆಲ್ ತಂಡದ ಕಪ್ಪು ನಟನಿಗೆ ಬಣ್ಣ ಆ ಸ್ವಾತಂತ್ರ್ಯವನ್ನು ಕೊಡಲಿಲ್ಲ. ಅವನ ಸ್ವಂತ ಬಣ್ಣವೇ ಸಾಲದೆಂದು ಹೇಳಿತು.

ಇಂಥ ತಂಡಗಳಲ್ಲಿ ಪ್ರಖ್ಯಾತವಾದ ಕ್ಯಾಲೆಂಡರ್‌ನ ಜಾರ್ಜಿಯಾ ಮಿನ್‌ಸ್ಟ್ರೆಲ್ಸ್‌ನಲ್ಲಿ ಲ್ಯೂಕಸ್ 1870ರ ದಶಕದಲ್ಲಿ ತಾರೆಯಾದನು. ಹಾಸ್ಯದ ಹಾಡುಗಳನ್ನು ಕಟ್ಟಿ ಹಾಡಿದನು. ಅವುಗಳಲ್ಲಿ ಕೆಲವು ತೋಟದ ಗುಲಾಮರನ್ನು ಹೊಟ್ಟೆಬಾಕರಂತೆ ಚಿತ್ರಿಸುವ ಸಿದ್ಧಮಾದರಿಯ ಹಾಡುಗಳೇ ಆಗಿದ್ದವು. ಇದನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ. ತನ್ನನ್ನು ಹಂಗಿಸುವ ಪ್ರಕಾರದಲ್ಲಿಯೇ ಅವನು ತನ್ನ ಕಲೆಯನ್ನು ಸಾಣೆ ಹಿಡಿದುಕೊಂಡನು. ಆ ಪ್ರಕಾರದಿಂದ ಹೊರಬರುವ ದಾರಿಯನ್ನೂ ಹುಡುಕುತ್ತಿದ್ದನು. ಹೈಯರ್ಸ್ ಸಹೋದರಿಯರಾದ ಅನ್ನಾ ಮತ್ತು ಎಮ್ಮಾ ಅವರ ಸಂಗೀತ ನಾಟಕ ತಂಡದಲ್ಲಿ ‘ಔಟ್ ಆಫ್ ಬಾಂಡೇಜ್’ ಎಂಬ ನಾಟಕದಲ್ಲಿ ಅಭಿನಯಿಸಿದ್ದು ಈ ದಿಕ್ಕಿನ ಮೊದಲ ಹೆಜ್ಜೆ. ಗುಲಾಮಗಿರಿಯಿಂದ ಬಿಡುಗಡೆಯಾದ ಕುಟುಂಬದ ಬದುಕನ್ನು ಗಂಭೀರ ಸಂಗೀತದೊಂದಿಗೆ ತೋರಿಸಿದ ಈ ನಾಟಕ ಮಿನ್‌ಸ್ಟ್ರೆಲ್ ಚೌಕಟ್ಟಿನಿಂದ ಹೊರಗಿತ್ತು.

3

‘ಅಂಕಲ್ ಟಾಮ್ಸ್ ಕ್ಯಾಬಿನ್’ 1851ರ ಜೂನ್‌ನಿಂದ 1852ರ ಏಪ್ರಿಲ್‌ವರೆಗೆ ವಾಷಿಂಗ್ಟನ್ನಿನ ‘ನ್ಯಾಷನಲ್ ಎರಾ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. 1852ರ ಮಾರ್ಚ್‌ನಲ್ಲಿ ಪುಸ್ತಕವಾಗಿ ಹೊರಬಂದು ಮೊದಲ ವರ್ಷದಲ್ಲಿಯೇ ಅಮೆರಿಕದಲ್ಲಿ ಸುಮಾರು 3,00,000 ಪ್ರತಿಗಳು ಮಾರಾಟವಾದವು. ತಪ್ಪಿಸಿಕೊಂಡ ಗುಲಾಮರನ್ನು ಹಿಡಿದೊಪ್ಪಿಸುವುದಕ್ಕೆ ಉತ್ತರದ ರಾಜ್ಯಗಳನ್ನೂ ಹೊಣೆಗಾರರನ್ನಾಗಿಸಿದ 1850ರ ಕಾನೂನು ಅದರ ಹಿಂದಿನ ಪ್ರೇರಣೆ. ಅದೇ ವರ್ಷ ಜಾರ್ಜ್ ಐಕೆನ್ ಮಾಡಿದ ರಂಗರೂಪ ನ್ಯೂಯಾರ್ಕ್ ರಾಜ್ಯದ ಟ್ರಾಯ್ ನಗರದಲ್ಲಿ ಪ್ರದರ್ಶನಗೊಂಡಿತು. ಕಾದಂಬರಿಯನ್ನು ನಾಟಕವಾಗಿಸುವ ಹಕ್ಕನ್ನು ಅಂದಿನ ಅಮೆರಿಕದ ಕಾನೂನು ಲೇಖಕರಿಗೆ ಮೀಸಲಿಟ್ಟಿರಲಿಲ್ಲವಾದ್ದರಿಂದ ಯಾರು ಬೇಕಾದರೂ ಅದನ್ನು ಹೇಗೆ ಬೇಕಾದರೂ ಆಡಬಹುದಾಗಿತ್ತು. ಟಾಮ್ ಷೋ ಎಂಬ ಹೆಸರಿನಲ್ಲಿ ಊರೂರು ಅಲೆಯುವ ತಂಡಗಳು ಹುಟ್ಟಿಕೊಂಡವು. ಮಿನ್‌ಸ್ಟ್ರೆಲ್ ಕುಣಿತಗಳು ನಾಟಕದೊಳಗೆ ನುಸುಳಿದವು. ಮಂಜುಗಡ್ಡೆಯ ದೃಶ್ಯದಲ್ಲಿ ಎಲೈಜಾಳನ್ನು ಅಟ್ಟಿಸಿಕೊಂಡು ಬರುವ ಬೇಟೆನಾಯಿಗಳು ಕಾದಂಬರಿಯಲ್ಲಿಲ್ಲದಿದ್ದರೂ ನಾಟಕದ ಮುಖ್ಯ ಆಕರ್ಷಣೆಯಾದವು.

ಈ ರೂಪಾಂತರದಲ್ಲಿ ಅತ್ಯಂತ ಹೆಚ್ಚು ಬದಲಾದವನು ಟಾಮ್. ಕಾದಂಬರಿಯ ಟಾಮ್ ಅಗಲವಾದ ಎದೆಯ, ದೃಢಕಾಯದ, ಎಳೆಯ ಮಕ್ಕಳಿರುವ ಮನುಷ್ಯ. ಕ್ಯಾಸಿ ಮತ್ತು ಎಮೆಲಿನ್ ಎಂಬ ಇಬ್ಬರು ಹೆಂಗಸರು ಅಡಗಿರುವ ಗುಟ್ಟನ್ನು ಬಿಟ್ಟುಕೊಡಲೊಲ್ಲದೆ ಅವನು ಹೊಡೆತ ತಿಂದು ಸಾಯುತ್ತಾನೆ. ಅವನ ಸಾವು ಶರಣಾಗತಿಯಲ್ಲ, ನಿರಾಕರಣೆ. ರಂಗದ ಟಾಮ್ ಕಾಲಕ್ರಮದಲ್ಲಿ ಬಿಳಿಗೂದಲಿನ, ಬಾಗಿದ ಬೆನ್ನಿನ, ಒಡೆಯನಿಗೆ ತಲೆಬಾಗುವುದನ್ನಷ್ಟೇ ಬಲ್ಲ ಮುದುಕನಾದನು. ಇಪ್ಪತ್ತನೆಯ ಶತಮಾನದಲ್ಲಿ ಅಂಕಲ್ ಟಾಮ್ ಎಂಬುದು ಕಪ್ಪು ಸಮುದಾಯದಲ್ಲಿ ಬೈಗುಳವಾದುದಕ್ಕೆ ಕಾದಂಬರಿಯ ಟಾಮ್‌ಗಿಂತ ಈ ರಂಗದ ಟಾಮ್ ಹೆಚ್ಚು ಕಾರಣ.

ಈ ಹಿನ್ನೆಲೆಯಲ್ಲಿ 1878ರ ಪ್ರಯೋಗವನ್ನು ನೋಡಬೇಕು. ಗುಸ್ತಾವ್ ಮತ್ತು ಚಾರ್ಲ್ಸ್ ಫ್ರೋಮನ್ ಸಹೋದರರು ಈ ನಾಟಕವನ್ನು ಕಪ್ಪು ನಟನೊಬ್ಬನನ್ನು ಟಾಮ್ ಆಗಿಸಿ ಆಡಿಸಲು ಮುಂದಾದರು. ಲ್ಯೂಕಸ್ ಆ ನಟ. ಗಂಭೀರ ನಾಟಕ ತಂಡವೊಂದರಲ್ಲಿ ಟಾಮ್ ಪಾತ್ರವನ್ನು ವಹಿಸಿದ ಮೊದಲ ಕಪ್ಪು ನಟನೆಂದು ರಂಗಭೂಮಿಯ ಚರಿತ್ರೆಕಾರರು ಅವನನ್ನು ಗುರುತಿಸುತ್ತಾರೆ. ಈ ಆಯ್ಕೆಯ ಹಿಂದೆ ಆದರ್ಶದಷ್ಟೇ ವ್ಯಾಪಾರವೂ ಇತ್ತು. ಚಾರ್ಲ್ಸ್ ಫ್ರೋಮನ್‌ನ ಜೀವನಚರಿತ್ರೆಯಲ್ಲಿ ಬರುವ ಒಂದು ಪ್ರಸಂಗ ಇದನ್ನು ಸ್ಪಷ್ಟಪಡಿಸುತ್ತದೆ. ತಂಡದೊಂದಿಗೆ ಸಂಚಾರದಲ್ಲಿದ್ದ ಗುಸ್ತಾವ್, ಚಾರ್ಲ್ಸ್‌ಗೆ ತಂತಿ ಕಳುಹಿಸಿ, ಈವಾ ಪಾತ್ರಕ್ಕೆ ಒಬ್ಬ ಹುಡುಗಿಯನ್ನು ಲ್ಯೂಕಸ್‌ನ ಜೊತೆಗೆ ಕಳುಹಿಸಿಕೊಡಬೇಕೆಂದೂ, ಲ್ಯೂಕಸ್ ತನ್ನ ವಜ್ರದ ಒಡವೆಗಳನ್ನು ಮರೆಯದೆ ತರಬೇಕೆಂದೂ ತಿಳಿಸಿದನಂತೆ. ಮಿನ್‌ಸ್ಟ್ರೆಲ್ ತಾರೆಯಾಗಿ ಗಳಿಸಿದ ಹಣದಲ್ಲಿ ಲ್ಯೂಕಸ್ ವಜ್ರಗಳನ್ನು ಕೊಂಡಿದ್ದನು. ತಂಡ ನಷ್ಟದಲ್ಲಿ ಸಿಕ್ಕಿಕೊಂಡಾಗ ಅವು ಒತ್ತೆಗೆ ಒದಗುವ ಆಸ್ತಿಯಾಗಿದ್ದವು. ಪ್ರಯೋಗ ಯಶಸ್ವಿಯಾಗಲಿಲ್ಲ, ವಜ್ರಗಳು ಒತ್ತೆಯಂಗಡಿಗೆ ಹೋದವು.

ಸಂತೆಯಲ್ಲಿ ಮಾರಾಟವಾಗುವ ಗುಲಾಮನ ಪಾತ್ರವನ್ನು ವಹಿಸಿದ ನಟ, ಬಿಳಿಯರ ಒಡೆತನದ ತಂಡವನ್ನು ಉಳಿಸಲು ತನ್ನ ಗಳಿಕೆಯನ್ನು ಒತ್ತೆಯಿಡಬೇಕಾಗಿ ಬಂದುದನ್ನು ಕೇವಲ ವಿನೋದದ ಪ್ರಸಂಗವೆಂದು ಓದುವುದು ಕಷ್ಟ. ಆದರೂ ಒಂದು ಮಾತನ್ನು ಒಪ್ಪಲೇಬೇಕು. ಒತ್ತೆಯಿಡಲು ಅವನಲ್ಲಿ ಏನೋ ಇತ್ತು, ಅದು ಅವನ ಸ್ವಂತದ್ದಾಗಿತ್ತು. ಕೊಟ್ಟದ್ದು ಅವನೇ.

4

1879ರಲ್ಲಿ ಲ್ಯೂಕಸ್‌ನ ವೃತ್ತಿಜೀವನದಲ್ಲಿ ಬೇರೊಂದು ಸಾಧ್ಯತೆ ಕಾಣಿಸಿಕೊಂಡಿತು. ಆಗಷ್ಟೇ ಇಪ್ಪತ್ತು ವರ್ಷದವಳಾಗಿದ್ದ ಪಾಲಿನ್ ಹಾಪ್ಕಿನ್ಸ್ ಎಂಬ ಕಪ್ಪು ಲೇಖಕಿ ‘ಪಿಕ್ಯೂಲಿಯರ್ ಸ್ಯಾಮ್’ ಎಂಬ ಸಂಗೀತ ನಾಟಕವನ್ನು ಲ್ಯೂಕಸ್‌ನನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿಸಿದಳು. ಇದರ ನಾಯಕನೂ ಗುಲಾಮ. ಆದರೆ ಇವನು ಸಾಯುವವನಲ್ಲ, ತಪ್ಪಿಸಿಕೊಳ್ಳುವವನು. ವೇಷ ಮರೆಸಿಕೊಂಡು ಮೇಲ್ವಿಚಾರಕನ ಕಣ್ಣಿಗೆ ಮಣ್ಣೆರಚಿ, ತನ್ನವರನ್ನು ಕಟ್ಟಿಕೊಂಡು ಕೆನಡಾ ಸೇರುತ್ತಾನೆ. ಯುದ್ಧಾನಂತರದಲ್ಲಿ ರಾಜಕೀಯ ಸ್ಥಾನಮಾನವನ್ನೂ ಗಳಿಸುತ್ತಾನೆ. ಮಿನ್‌ಸ್ಟ್ರೆಲ್ ರಂಗದಲ್ಲಿ ವೇಷವು ಕಪ್ಪು ನಟನನ್ನು ಕಟ್ಟಿಹಾಕುವ ಸಾಧನವಾಗಿದ್ದರೆ, ಹಾಪ್ಕಿನ್ಸ್‌ಳ ನಾಟಕದಲ್ಲಿ ಅದೇ ವೇಷ ಬಿಡುಗಡೆಯ ಉಪಾಯವಾಗುತ್ತದೆ. ಗುಲಾಮಗಿರಿಯನ್ನು ಅನುಭವಿಸಿದ ಸಮುದಾಯದ ಒಳಗಿನಿಂದಲೇ ಬಂದ ಈ ಕಥನ, ಸ್ಟೋವ್‌ಳ ಕಥನಕ್ಕೆ ನೇರ ಉತ್ತರವಲ್ಲದಿದ್ದರೂ ಅದರ ಪಕ್ಕದಲ್ಲಿಟ್ಟು ಓದಬೇಕಾದದ್ದು. ಆದರೆ ಟಾಮ್ ಷೋಗಳು ದಶಕಗಟ್ಟಲೆ ನಡೆದವು. ಹಾಪ್ಕಿನ್ಸ್‌ಳ ನಾಟಕ ಬೇಗನೆ ಮರೆವಿಗೆ ಸಂದಿತು. ಬಂಡವಾಳ, ರಂಗಮಂದಿರ, ಪ್ರೇಕ್ಷಕರ ನಿರೀಕ್ಷೆ ಇವೆಲ್ಲವೂ ಬಿಳಿಯರ ಹಿಡಿತದಲ್ಲಿದ್ದಾಗ ಯಾವ ಕಥೆ ಉಳಿಯಬೇಕು ಎಂಬುದು ಕೃತಿಯ ಗುಣವೊಂದರಿಂದಲೇ ತೀರ್ಮಾನವಾಗುವುದಿಲ್ಲ.

ಮುಂದಿನ ಮೂರು ದಶಕಗಳಲ್ಲಿ ಕಪ್ಪು ರಂಗಭೂಮಿ ಇಟ್ಟ ಅನೇಕ ದೊಡ್ಡ ಹೆಜ್ಜೆಗಳಲ್ಲಿ ಲ್ಯೂಕಸ್ ಇದ್ದನು. 1886ರಲ್ಲಿ ಅವನು ಸಂಗೀತಗಾರ್ತಿ ಕ್ಯಾರಿ ಮೆಲ್ವಿನ್‌ಳನ್ನು ವಿವಾಹವಾದನು. ದಂಪತಿಗಳು ಜೊತೆಯಾಗಿ ಪ್ರದರ್ಶನಗಳನ್ನು ನೀಡಿದರು. 1890ರಲ್ಲಿ ಆರಂಭವಾದ ‘ಕ್ರಿಯೋಲ್ ಷೋ’ ಹತ್ತಿ ತೋಟದ ಹಿನ್ನೆಲೆಯನ್ನು ಕೈಬಿಟ್ಟು ಕಪ್ಪು ಕಲಾವಿದೆಯರನ್ನು ರಂಗದ ಕೇಂದ್ರಕ್ಕೆ ತಂದಿತು. ಬಾಬ್ ಕೋಲ್ ಮತ್ತು ಬಿಲ್ಲಿ ಜಾನ್ಸನ್ ರೂಪಿಸಿ 1898ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿದ ‘ಎ ಟ್ರಿಪ್ ಟು ಕೂನ್‌ಟೌನ್’ ರಚನೆ, ನಿರ್ದೇಶನ, ನಿರ್ವಹಣೆ, ಅಭಿನಯ ಎಲ್ಲವೂ ಕಪ್ಪು ಜನರದ್ದೇ ಆದ ಮೊದಲ ಪೂರ್ಣಾವಧಿ ಸಂಗೀತ ನಾಟಕ. ಅದರ ಹೆಸರಿನಲ್ಲಿಯೇ ಕಪ್ಪು ಜನರನ್ನು ಹೀಯಾಳಿಸುವ ಪದವಿದೆ. ಒಡೆತನ ಬದಲಾದರೂ ಮಾರುಕಟ್ಟೆಯ ಭಾಷೆ ಬದಲಾಗಿರಲಿಲ್ಲ. ಇದರಲ್ಲಿಯೂ, ಅನಂತರದ ‘ದಿ ಷೂ-ಫ್ಲೈ ರೆಜಿಮೆಂಟ್’ (1906) ಮತ್ತು ‘ದಿ ರೆಡ್ ಮೂನ್’ (1908) ನಾಟಕಗಳಲ್ಲಿಯೂ ಲ್ಯೂಕಸ್ ಅಭಿನಯಿಸಿದನು. ಕಿರಿಯ ಕಲಾವಿದರು ಅವನನ್ನು ತಮ್ಮ ರಂಗಭೂಮಿಯ ಭೀಷ್ಮನಂತೆ ಕಂಡರು. ಕವಿಯೂ ಗೀತರಚನಕಾರನೂ ಆದ ಜೇಮ್ಸ್ ವೆಲ್ಡನ್ ಜಾನ್ಸನ್ ಹಾರ್ಲೆಮ್ ಮತ್ತು ನ್ಯೂಯಾರ್ಕಿನ ಕಪ್ಪು ಬದುಕನ್ನು ಕುರಿತು 1930ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನನ್ನು ಗೌರವದಿಂದ ನೆನೆದಿದ್ದಾನೆ. ಮಗಳು ಮೇರಿ ಲ್ಯೂಕಸ್ ಪಿಯಾನೋ ವಾದಕಿಯಾಗಿ, ಹಾರ್ಲೆಮ್‌ನ ಲಫಾಯೆಟ್ ರಂಗಮಂದಿರದ ವಾದ್ಯವೃಂದದ ನಾಯಕಿಯಾಗಿ ಹೆಸರಾದಳು.

5

ಸಿನಿಮಾ ಎಂಬ ಹೊಸ ಮಾಧ್ಯಮ ಬಂದಾಗ ರಂಗದ ಹಳೆಯ ಪದ್ಧತಿಯನ್ನೇ ಅದು ಎರವಲು ಪಡೆಯಿತು. ಎಡಿಸನ್ ಕಂಪನಿಗಾಗಿ ಎಡ್ವಿನ್ ಪೋರ್ಟರ್ 1903ರಲ್ಲಿ ತಯಾರಿಸಿದ ‘ಅಂಕಲ್ ಟಾಮ್ಸ್ ಕ್ಯಾಬಿನ್’ ದೃಶ್ಯಗಳ ನಡುವೆ ಬರಹದ ಫಲಕಗಳನ್ನು ಬಳಸಿದ ಮೊದಮೊದಲ ಅಮೆರಿಕನ್ ಚಿತ್ರಗಳಲ್ಲೊಂದು. ಕಾಲು ಗಂಟೆಯ ಆಸುಪಾಸಿನ ಈ ಚಿತ್ರ ವಾಸ್ತವವಾಗಿ ಟಾಮ್ ಷೋವೊಂದರ ಸಂಕ್ಷಿಪ್ತ ದಾಖಲೆಯಂತಿದೆ. ಬಣ್ಣ ಬಳಿದ ಪರದೆಗಳು, ನಡುನಡುವೆ ಕುಣಿತಗಳು, ಮಸಿ ಬಳಿದ ಬಿಳಿಯ ಟಾಮ್. 1910ರಲ್ಲಿ ವಿಟಾಗ್ರಾಫ್ ಕಂಪನಿ ಮೂರು ರೀಲುಗಳ ಚಿತ್ರವನ್ನು ತಯಾರಿಸಿತು. ಕಥೆಯನ್ನು ಹೇಳುವ ಕ್ರಮ ಬೆಳೆದಿತ್ತು, ಮಸಿಯ ಪದ್ಧತಿ ಮಾತ್ರ ಹಾಗೆಯೇ ಇತ್ತು.

ಲ್ಯೂಕಸ್ ಕ್ಯಾಮೆರಾದ ಮುಂದೆ ಬಂದದ್ದು 1913ರಲ್ಲಿ. ಪ್ರಸಿದ್ಧ ಹಾಸ್ಯನಟ ಬರ್ಟ್ ವಿಲಿಯಮ್ಸ್ ನಾಯಕನಾಗಿದ್ದ ‘ಲೈಮ್ ಕಿಲ್ನ್ ಕ್ಲಬ್ ಫೀಲ್ಡ್ ಡೇ’ ಚಿತ್ರದಲ್ಲಿ ಅವನಿಗೊಂದು ಪಾತ್ರವಿತ್ತು. ವಿಲಿಯಮ್ಸ್ ಮಾತ್ರ ಮಸಿ ಬಳಿದುಕೊಂಡಿದ್ದನು. ಉಳಿದ ಕಪ್ಪು ನಟನಟಿಯರು ತಮ್ಮ ಸಹಜ ಮುಖಗಳಲ್ಲಿ ನಗುತ್ತಾ, ಕುಣಿಯುತ್ತಾ, ಪ್ರೀತಿಸುತ್ತಾ ಕಾಣಿಸಿಕೊಂಡಿದ್ದರು. ಈ ಚಿತ್ರ ಪೂರ್ಣಗೊಳ್ಳಲೇ ಇಲ್ಲ. ಮುಚ್ಚಿಹೋದ ಬಯೋಗ್ರಾಫ್ ಕಂಪನಿಯ ದಾಸ್ತಾನಿನೊಂದಿಗೆ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವನ್ನು ಸೇರಿದ ಅದರ ರೀಲುಗಳು, ಜೋಡಣೆಗೊಂಡು 2014ರಲ್ಲಿ ಪ್ರದರ್ಶನ ಕಂಡವು. ಲ್ಯೂಕಸ್‌ನ ಮೊದಲ ಚಿತ್ರವನ್ನು ಅವನ ಕಾಲದವರು ಯಾರೂ ನೋಡಲಿಲ್ಲ.

1914ರ ಆಗಸ್ಟ್‌ನಲ್ಲಿ ಬಿಡುಗಡೆಯಾದ, ವರ್ಲ್ಡ್ ಫಿಲ್ಮ್ ಕಾರ್ಪೊರೇಷನ್ನಿನ ಐದು ರೀಲುಗಳ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಚಿತ್ರವನ್ನು ನಿರ್ದೇಶಿಸಿದವನು ವಿಲಿಯಂ ರಾಬರ್ಟ್ ಡೇಲಿ. ಎಪ್ಪತ್ತರ ಆಸುಪಾಸಿನಲ್ಲಿದ್ದ ಲ್ಯೂಕಸ್ ಇದರಲ್ಲಿ ಟಾಮ್ ಆದನು. ಅಮೆರಿಕದ ಪೂರ್ಣಪ್ರಮಾಣದ ಚಿತ್ರವೊಂದರಲ್ಲಿ ಮುಖ್ಯ ಪಾತ್ರ ವಹಿಸಿದ ಮೊದಲ ಕಪ್ಪು ನಟನೆಂಬ ಸ್ಥಾನ ಅವನಿಗೆ ಸಂದಿದೆ.

ಈ ಸಾಧನೆಯನ್ನು ಎರಡು ನೆಲೆಗಳಲ್ಲಿ ಪರಿಶೀಲಿಸಬೇಕಾಗುತ್ತದೆ. ಮೊದಲನೆಯದು, ಮಾಧ್ಯಮದ ನೆಲೆ. ರಂಗದ ಮೇಲಿನ ಮಸಿಯನ್ನು ದೂರದ ಆಸನದಿಂದ ನೋಡುವ ಪ್ರೇಕ್ಷಕ ಒಪ್ಪಿಕೊಳ್ಳಬಹುದು. ಕ್ಯಾಮೆರಾ ಮುಖವನ್ನು ಹತ್ತಿರಕ್ಕೆ ತರುತ್ತದೆ. ಬಯಲಿನ ಬೆಳಕಿನಲ್ಲಿ ನಿಜವಾದ ಮರಗಳ, ನೀರಿನ ನಡುವೆ ಮಸಿ ಬಳಿದ ಮುಖ ಕೃತಕವಾಗಿ ಎದ್ದು ಕಾಣುತ್ತದೆ. ಮೂಕಚಿತ್ರದಲ್ಲಿ ಮಾತಿಲ್ಲವಾದ್ದರಿಂದ ಮಿನ್‌ಸ್ಟ್ರೆಲ್ ರಂಗ ಕಪ್ಪು ನಟನ ಬಾಯಿಗೆ ತುರುಕಿದ್ದ ವಿಕಾರದ ಉಚ್ಚಾರಣೆಯೂ ಕಿವಿಗೆ ಬೀಳುವುದಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಾಡಿ, ನಗಿಸಿ ಬದುಕಿದ ನಟನೊಬ್ಬನಿಗೆ ಇಲ್ಲಿ ಉಳಿದದ್ದು ಸುಕ್ಕುಗಟ್ಟಿದ ಮುಖ ಮತ್ತು ನಿಧಾನವಾದ ಚಲನೆ. ಟಾಮ್‌ನ ಘನತೆ ಆ ಮುಖದಿಂದಲೇ ಹುಟ್ಟಬೇಕಾಯಿತು, ಹುಟ್ಟಿತು.

ಎರಡನೆಯದು, ಚೌಕಟ್ಟಿನ ನೆಲೆ. ಜಾರ್ಜ್ ಹ್ಯಾರಿಸ್ ಮತ್ತು ಎಲೈಜಾ ಎಂಬ ಗುಲಾಮ ದಂಪತಿಗಳ ಪಾತ್ರಗಳನ್ನು ಇದೇ ಚಿತ್ರದಲ್ಲಿ ಇರ್ವಿಂಗ್ ಕಮಿಂಗ್ಸ್ ಮತ್ತು ತೆರೆಸಾ ಮಿಶೆಲೆನಾ ಎಂಬ ಬಿಳಿಯ ನಟರು ವಹಿಸಿದರು. ದಂಗೆಯೇಳುವ, ತಪ್ಪಿಸಿಕೊಳ್ಳುವ, ಬಂದೂಕು ಹಿಡಿಯುವ ಗುಲಾಮನ ಪಾತ್ರ ಬಿಳಿಯ ನಟನಿಗೆ. ಸಹಿಸಿಕೊಂಡು ಸಾಯುವ ಗುಲಾಮನ ಪಾತ್ರ ಕಪ್ಪು ನಟನಿಗೆ. ಈ ಹಂಚಿಕೆಯನ್ನು ಆಕಸ್ಮಿಕವೆಂದು ತಳ್ಳಿಹಾಕಲಾಗದು. ಅಷ್ಟೇ ಅಲ್ಲ, ಮುದುಕನಾದ ಲ್ಯೂಕಸ್‌ನನ್ನು ಆಯ್ಕೆ ಮಾಡಿದ್ದರಿಂದ ಕಾದಂಬರಿಯ ದೃಢಕಾಯದ ಟಾಮ್ ಮರಳಿ ಬರಲಿಲ್ಲ. ಟಾಮ್ ಷೋಗಳ ನರೆತ ತಲೆಯ ಟಾಮ್ ಮುಂದುವರಿದನು. ಮುಖ ನಿಜವಾಯಿತು, ಕಲ್ಪನೆ ಹಳೆಯದಾಗಿಯೇ ಉಳಿಯಿತು. 1878ರಲ್ಲಿ ಮೂವತ್ತರ ಆಚೀಚೆ ವಯಸ್ಸಿನಲ್ಲಿದ್ದ ಲ್ಯೂಕಸ್‌ನ ಎದುರಿಗೆ ಕ್ಯಾಮೆರಾ ಇದ್ದಿದ್ದರೆ ಬಂದಿರಬಹುದಾಗಿದ್ದ ಟಾಮ್‌ನನ್ನು ನಾವು ಊಹಿಸಿಕೊಳ್ಳಬೇಕಷ್ಟೆ.

6

ಲ್ಯೂಕಸ್ 1916ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡನು. ಈವಾಳನ್ನು ರಕ್ಷಿಸುವ ದೃಶ್ಯಕ್ಕಾಗಿ ತಣ್ಣನೆಯ ನದಿಗೆ ಧುಮುಕಿದ್ದರಿಂದ ಶ್ವಾಸಕೋಶದ ಉರಿಯೂತ ತಗುಲಿ ಅವನು ಸತ್ತನೆಂಬ ಕಥೆ ಅನೇಕ ಕಡೆ ಪುನರುಕ್ತವಾಗಿದೆ. ಚಿತ್ರದ ಬಿಡುಗಡೆಗೂ ಅವನ ಸಾವಿಗೂ ನಡುವೆ ಸುಮಾರು ಹದಿನೇಳು ತಿಂಗಳ ಅಂತರವಿರುವುದರಿಂದ ಇದನ್ನು ಯಥಾವತ್ತಾಗಿ ಸ್ವೀಕರಿಸುವುದು ಕಷ್ಟ. ಆದರೆ ಇಂಥದೊಂದು ಐತಿಹ್ಯ ಹುಟ್ಟಿಕೊಂಡದ್ದೇಕೆ ಎಂಬುದು ವಿಚಾರಾರ್ಹ. ಬಿಳಿಯ ಮಗುವಿಗಾಗಿ ನೀರಿಗೆ ಧುಮುಕುವ ಟಾಮ್‌ನನ್ನು ಜನ ಲ್ಯೂಕಸ್‌ನ ಮೇಲೆ ಆರೋಪಿಸಿದರು. ಪಾತ್ರ ನಟನ ಜೀವನಚರಿತ್ರೆಯನ್ನೂ ನುಂಗಿಹಾಕಿತು. ಹಾಡು ಕಟ್ಟಿದ, ವಜ್ರ ಗಳಿಸಿದ, ಹಾಪ್ಕಿನ್ಸ್‌ಳ ನಾಯಕನಾಗಿ ಕೆನಡಾ ಸೇರಿದ, ನಾಲ್ಕು ತಲೆಮಾರುಗಳ ಕಲಾವಿದರ ಜೊತೆ ದುಡಿದ ಲ್ಯೂಕಸ್ ಈ ಐತಿಹ್ಯದೊಳಗೆ ಇಲ್ಲ.

ಅವನು ತೆರೆದ ಬಾಗಿಲು ತೆರೆದೇ ಉಳಿಯಲಿಲ್ಲ. 1915ರ ಫೆಬ್ರವರಿಯಲ್ಲಿ ಗ್ರಿಫಿತ್‌ನ ‘ದಿ ಬರ್ತ್ ಆಫ್ ಎ ನೇಷನ್’ ತೆರೆಕಂಡಿತು. ಅದಕ್ಕೆ ಆಧಾರವಾದ ಕಾದಂಬರಿಯ ಕರ್ತೃ ಥಾಮಸ್ ಡಿಕ್ಸನ್ ಸ್ಟೋವ್‌ಳ ಕೃತಿಗೆ ಉತ್ತರವಾಗಿಯೇ ಬರೆಯಲು ತೊಡಗಿದವನು. ಆ ಚಿತ್ರದ ಪ್ರಮುಖ ಕಪ್ಪು ಪಾತ್ರಗಳೆಲ್ಲ ಮತ್ತೆ ಮಸಿ ಬಳಿದ ಬಿಳಿಯ ನಟರ ಪಾಲಾದವು. ನಾಗರಿಕ ಹಕ್ಕುಗಳ ಸಂಘಟನೆಗಳು ಪ್ರತಿಭಟಿಸಿದರೂ ಚಿತ್ರ ಅಪಾರ ಯಶಸ್ಸು ಗಳಿಸಿತು. 1918ರಲ್ಲಿ ಸರ್ಲ್ ಡಾಲಿ ನಿರ್ದೇಶಿಸಿದ ‘ಅಂಕಲ್ ಟಾಮ್ಸ್ ಕ್ಯಾಬಿನ್’ನಲ್ಲಿ ಫ್ರಾಂಕ್ ಲೊಸೀ ಎಂಬ ಬಿಳಿಯ ನಟ ಟಾಮ್ ಆದನು; ಈವಾ ಮತ್ತು ಟಾಪ್ಸಿ ಎಂಬ ಬಿಳಿಯ, ಕಪ್ಪು ಹುಡುಗಿಯರಿಬ್ಬರನ್ನೂ ಮಾರ್ಗರೀಟ್ ಕ್ಲಾರ್ಕ್ ಒಬ್ಬಳೇ ಅಭಿನಯಿಸಿದಳು. 1927ರಲ್ಲಿ ಯೂನಿವರ್ಸಲ್ ಸಂಸ್ಥೆಗಾಗಿ ಹ್ಯಾರಿ ಪೊಲಾರ್ಡ್ ತಯಾರಿಸಿದ ಅದ್ದೂರಿ ಚಿತ್ರದಲ್ಲಿ ಜೇಮ್ಸ್ ಲೋ ಟಾಮ್ ಆಗುವವರೆಗೆ ಈ ಪಾತ್ರ ಕಪ್ಪು ನಟನಿಗೆ ಮರಳಲಿಲ್ಲ. ಆಗಲೂ ಟಾಪ್ಸಿ ಮಸಿ ಬಳಿದ ಬಿಳಿಯ ನಟಿಯೇ ಆಗಿದ್ದಳು.

1914ರ ಚಿತ್ರವನ್ನು 2012ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿಸಲಾಯಿತು. ಈ ಮನ್ನಣೆ ಬಹುಮಟ್ಟಿಗೆ ಲ್ಯೂಕಸ್‌ನಿಗೆ ಸಂದದ್ದು. ಆದರೆ ಮೊದಲಿಗನೆಂಬ ಪಟ್ಟವೊಂದರಿಂದಲೇ ಅವನ ಬದುಕಿನ ಅರ್ಥ ತೀರುವುದಿಲ್ಲ. ದಮನಿತ ಸಮುದಾಯವೊಂದನ್ನು ಕುರಿತ ಕಥೆಯಲ್ಲಿ ಆ ಸಮುದಾಯದವನೊಬ್ಬ ಕಾಣಿಸಿಕೊಳ್ಳುವುದು ಒಂದು ಹಂತ. ಆ ಕಥೆಯನ್ನು ಹೇಗೆ ಹೇಳಬೇಕೆಂದು ತೀರ್ಮಾನಿಸುವುದು ಇನ್ನೊಂದು ಹಂತ. ಲ್ಯೂಕಸ್ ಮೊದಲನೆಯದನ್ನು ತನ್ನ ಆಯುಷ್ಯವನ್ನೇ ತೆತ್ತು ಸಾಧಿಸಿದನು. ಎರಡನೆಯದರ ರುಚಿಯನ್ನು ‘ಪಿಕ್ಯೂಲಿಯರ್ ಸ್ಯಾಮ್’ನಲ್ಲಿಯೂ 1898ರ ಸಂಗೀತ ನಾಟಕದಲ್ಲಿಯೂ ಕಂಡನು, ಸಿನಿಮಾದಲ್ಲಿ ಕಾಣಲಿಲ್ಲ. ಆದ್ದರಿಂದ ಅವನ ಜೀವನವನ್ನು 1914ರ ಚಿತ್ರದೊಂದಿಗೆ ಮಾತ್ರವಲ್ಲದೆ, ಮರೆವಿಗೆ ಸಂದ ಆ ನಾಟಕಗಳೊಂದಿಗೂ, ಅವನ ಕಾಲದಲ್ಲಿ ತೆರೆಕಾಣದೆ ಹೋದ 1913ರ ಚಿತ್ರದೊಂದಿಗೂ ಕೂಡಿಸಿ ಓದಿದಾಗಲೇ ಅಮೆರಿಕದ ಕಪ್ಪು ರಂಗಭೂಮಿಯ ಮತ್ತು ಮೂಕಚಿತ್ರದ ಸಂಬಂಧ ಸ್ಪಷ್ಟವಾಗುತ್ತದೆ.